ಆಂಟೆನಾ ಹಿಂದಕ್ಕೆ ತಿರುಗಿದ್ದು

ಕಡಲ ಊರಿನ ಒಂದು ತಾರಸಿಯಲ್ಲಿ, ಕಂಬದ ತುದಿಗೆ ತಿರುಗುವ ಆಂಟೆನಾ ಇತ್ತು. ಅದು ಹಿಡಿದ ದನಿಯನ್ನು ಕೆಳಗಿನ ರೇಡಿಯೋಗೆ ತಲುಪಿಸುವುದು ಕೇಬಲ್‌ನ ಕೆಲಸ. ಆ ದಿನ ಆಂಟೆನಾ ಉತ್ತರದಿಂದ ಹೊರಟು, ಪೂರ್ತಿ ಒಂದು ಸುತ್ತು ಹಾಕಿ ಮತ್ತೆ ಉತ್ತರಕ್ಕೇ ಬಂದು ನಿಂತಿತ್ತು. ಪಾಪ, ಕೇಬಲ್ ಕಂಬಕ್ಕೆ ಬಿಗಿಯಾಗಿ ಸುತ್ತಿಕೊಂಡಿತ್ತು. ಅಷ್ಟರಲ್ಲಿ ಪಶ್ಚಿಮದಿಂದ, ಕಡಲಲ್ಲಿ ಕೆಟ್ಟು ನಿಂತ ದೋಣಿಯೊಂದರ ಕ್ಷೀಣ ದನಿ ಕೇಳಿಸಿತು.

“ಇನ್ನು ಕಾಲು ಸುತ್ತು ಮುಂದೆ ಹೋದರೆ ಪಶ್ಚಿಮ,” ಎಂದಿತು ಆಂಟೆನಾ.

“ಬೇಡ ಅಣ್ಣ, ನನ್ನ ಕುತ್ತಿಗೆ ಕಿತ್ತುಬರುತ್ತದೆ. ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗು,” ಎಂದಿತು ಕೇಬಲ್.

“ಮುಕ್ಕಾಲು ಸುತ್ತು ಹಿಂದಕ್ಕೆ ಹೋಗಬೇಕೇ? ಕಾಗೆಗಳು ನಗುವುದಿಲ್ಲವೇ?”

“ನಗಲಿ ಬಿಡು. ತಿರುಗಿದ್ದು ನೀನು, ಸುತ್ತು ಬಿದ್ದಿದ್ದು ನನಗೆ. ನಾನು ತುಂಡಾದರೆ, ನೀನು ಕೇಳಿದ್ದನ್ನು ಯಾರಿಗೆ ಹೇಳುತ್ತೀಯ?”

ಆಂಟೆನಾ ಪೂರ್ವ, ದಕ್ಷಿಣ ದಾಟಿಕೊಂಡು ಹಿಂದಕ್ಕೇ ಹೋಗಿ ಪಶ್ಚಿಮಕ್ಕೆ ಮುಖ ಮಾಡಿತು. ಕಾಗೆಗಳು ನಕ್ಕಿದ್ದೂ ನಿಜ. ಆದರೆ ಕೇಬಲ್ ಮಾತ್ರ ಸುತ್ತು ಬಿಚ್ಚಿಕೊಂಡು ಹಾಯಾಗಿ ಮೈ ಸಡಿಲಿಸಿತು.

ಕೆಳಗೆ ರೇಡಿಯೋ ಮುಂದೆ ಕೂತಿದ್ದ ಇಂದುಮತಿ ಟೀಚರ್ ನಿಟ್ಟುಸಿರು ಬಿಟ್ಟು, “ದೋಣಿಯವರೇ, ಈಗ ಚೆನ್ನಾಗಿ ಕೇಳಿಸುತ್ತಿದೆ. ಎಲ್ಲಿದ್ದೀರಿ, ಹೇಳಿ,” ಎಂದರು.