ಸವೇರಮ್ಮನ ತಾಯಿಹಿಟ್ಟು

ಶಿಲುಬೆ ಗುರುತು ಹಾಕ್ಕೊಂಡ್ಯಾ ಕಂದ? ಸರಿ, ಹೊದ್ದುಕೋ.

ಚರ್ಚಿಗೆ ಇನ್ನೂ ಗಂಟೆಯೇ ಕಟ್ಟಿರದ ಕಾಲದಲ್ಲಿ, ಒಂದೂರಲ್ಲಿ ಸವೇರಮ್ಮ ಅಂತ ಒಬ್ಬಳಿದ್ದಳಂತೆ. ಮನೇಲೇ ಬ್ರೆಡ್ ಸುಡೋಳು. ಈಸ್ಟು ಗೀಸ್ಟು ಯಾರೂ ಕಂಡಿರಲಿಲ್ಲ. ಒಂದು ಗಡಿಗೆ ತುಂಬ ಹುಳಿ ಬಂದ ಹಿಟ್ಟು, ಅದಕ್ಕೆ ದಿನಾ ಒಂದು ಹಿಡಿ ಹೊಸ ಹಿಟ್ಟು, ಒಂದಿಷ್ಟು ನೀರು ಕೊಟ್ಟರೆ ಬುಸಬುಸ ಉಬ್ಬೋದು, ಅದರಲ್ಲೊಂದು ಮುದ್ದೆ ತೆಗೆದು ಕಲಸಿದರೆ ಬ್ರೆಡ್ಡೂ ಉಬ್ಬೋದು. ಅವಳಮ್ಮ ಕೊಟ್ಟಿದ್ದು, ಅಮ್ಮನಿಗೆ ಅವರಮ್ಮ ಕೊಟ್ಟಿದ್ದು. ಅದಕ್ಕೇ ಅವಳು ಅದನ್ನ ತಾಯಿ ಅಂತಲೇ ಕರೀತಿದ್ದಳಂತೆ.

ಆಮೇಲೆ ಮೂರು ಗಂಡುಮಕ್ಕಳಿಗೂ ಒಂದೇ ದಿನ ಮದುವೆ ಮಾಡಿದಳು, ಜ್ಞಾನಮ್ಮ, ಕ್ಲಾರಮ್ಮ, ಲೂರ್ದಿ ಅಂತ ಮೂವರು ಸೊಸೆಯರು ಬಂದರು. ಅವರು ಏಳೋ ಹೊತ್ತಿಗೆ ಸವೇರಮ್ಮ ಗಡಿಗೆ ಕೆಲಸ ಮುಗಿಸಿರೋಳು, ಹಾಗಾಗಿ ಹಿಟ್ಟಿಗೊಂದು ಹೆಸರಿದೆ ಅಂತ ಹೊಸ ಹುಡುಗೀರಿಗೆ ಗೊತ್ತೇ ಆಗಲಿಲ್ಲವಂತೆ.

ಸಂತ ಅಂತೋಣಿಯವರ ಹಬ್ಬಕ್ಕೆ ಐದು ದಿನ ಇತ್ತು. ಹಬ್ಬದ ದಿನ ಇವಳ ಬ್ರೆಡ್ಡನ್ನ ಫಾದರ್ ಮಂತ್ರಿಸಿ ಹಸಿದವರಿಗೆ ಹಂಚೋರು, ಮಕ್ಕಳು ಸಾಲುಗಟ್ಟಿ ನಿಲ್ಲೋವು. ಅಷ್ಟರಲ್ಲಿ, ಅವಳ ಮಗಳನ್ನ ಕೊಟ್ಟಿದ್ದ ಪಕ್ಕದೂರಿಂದ, ಮಗಳಿಗೆ ಹೆರಿಗೆ ನೋವು ಅಂತ ಗಾಡಿ ಬಂತು. ಸವೇರಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿದವಳೇ, ಲೇ ಹುಡುಗೀರಾ, ನಾ ಬರೋ ತನಕ ದಿನಕ್ಕೊಬ್ಬಳು ತಾಯಿಗೆ ಒಂದು ಹಿಡಿ ಹಿಟ್ಟು ಹಾಕ್ರೇ, ಮರೆತರೆ ನೋಡಿ ಮತ್ತೆ, ಅಂದು ಹೋದಳಂತೆ.

ಮೊದಲ ದಿನ ಜ್ಞಾನಮ್ಮ, ತಾಯಿ ಅಂದ್ರೆ ಮತ್ಯಾರು, ಮಾತೆ ಮರಿಯಮ್ಮನೇ, ಅಂತ ಒಂದು ಹಿಡಿ ಹಿಟ್ಟು ಒಯ್ದು ಮಾತೆಯ ಪಾದದ ಹತ್ತಿರ ಇಟ್ಟು ಬಂದಳು. ಗುಬ್ಬಿಗಳು ತಿಂದವು. ಎರಡನೇ ದಿನ ಬಾಗಿಲಿಗೊಬ್ಬ ಮುದುಕಿ ಬಂದಳು. ಅತ್ತೆ ಹೇಳಿದ ತಾಯಿ ಇವಳೇ ಇರಬೇಕು ಅಂತ ಕ್ಲಾರಮ್ಮ ಅವಳ ಸೆರಗಿಗೆ ಹಾಕಿದಳು. ಮೂರನೇ ದಿನ ಲೂರ್ದಿ, ಅಯ್ಯೋ ನಮ್ಮತ್ತೆ ಬಾಯಿ ಜೋರು, ಮನಸ್ಸು ಬೆಣ್ಣೆ, ನಮ್ಮಮ್ಮನಿಗೆ ಹಿಟ್ಟು ಕೊಡು ಅಂದಿದ್ದಾರಲ್ಲ, ಅಂತ ಒಂದು ಹಿಡಿ ಸಾಲದೆ ಒಂದು ಮೊರ ತುಂಬಿಕೊಂಡು ಹಿಂದಿನ ಬೀದಿಯ ತವರಿಗೆ ಓಡಿದಳಂತೆ!

ಸಂಜೆ ಸವೇರಮ್ಮ ಮೊಮ್ಮಗಳ ಮುಖ ನೋಡಿ ಖುಷಿಯಾಗಿ ಬಂದಳು, ಗಡಿಗೆ ಮುಚ್ಚಳ ತೆಗೆದಳು. ಮೇಲೆಲ್ಲ ಬೂದಿಬಣ್ಣದ ನೀರು, ಒಂದು ಗುಳ್ಳೆಯಿಲ್ಲ.

ತಾಯಿಗೆ ಹಿಟ್ಟು ಹಾಕಿದ್ರೇನ್ರೇ?

ಹಾಕಿದ್ವಲ್ಲ ಅತ್ತೆ, ಅಂದರು ಮೂವರೂ.

ಯಾವ ತಾಯಿಗೆ?

ಒಬ್ಬೊಬ್ಬಳೇ ಹೇಳಿದಳು. ಸವೇರಮ್ಮ ಹಣೆ ಚಚ್ಚಿಕೊಂಡಳು, ಆಮೇಲೆ ನಗು ಬಂತು, ಆಮೇಲೆ ಅಳು ಬಂತು. ಬೈಯೋಣ ಅಂದ್ರೆ ಇದರಲ್ಲಿ ಪಾಪ ಎಲ್ಲಿದೆ? ಆದರೆ ನಾಡಿದ್ದು ಆ ಮಕ್ಕಳ ಕೈಗೆ ಏನಿಡಲಿ? ಇದು ಸತ್ತರೆ ಇನ್ನೊಂದು ಎಲ್ಲಿಂದ ತರಲಿ? ಅಂದಳಂತೆ.

ಆಮೇಲೆ ಕಣ್ಣೊರೆಸಿಕೊಂಡು, ಮೇಲಿನ ನೀರು ಬಸಿದು, ತಳದಿಂದ ನೆಲ್ಲಿಕಾಯಿಯಷ್ಟು ಹಿಟ್ಟು ತೆಗೆದು, ಜ್ಞಾನಮ್ಮನ ಕೈಯಲ್ಲೇ ಹೊಸ ಹಿಟ್ಟು, ಬೆಚ್ಚನೆ ನೀರು ಹಾಕಿಸಿದಳು. ನಾಲ್ವರೂ ಮೊಣಕಾಲೂರಿ ಜಪಸರ ಹಿಡಿದರು. ಏನೂ ಆಗಲಿಲ್ಲ. ಬೆಳಿಗ್ಗೆ ಕ್ಲಾರಮ್ಮ ಹಾಕಿದಳು. ಮಧ್ಯಾಹ್ನಕ್ಕೆ ಒಂದೇ ಒಂದು ಗುಳ್ಳೆ ಬಂತು, ಸಾಸಿವೆಯಷ್ಟು. ಸಂಜೆಗೆ ಲೂರ್ದಿ ಹಾಕಿದಳು ನೋಡು, ದೇವರ ದಯೆ ದೊಡ್ಡದು ಕಂದ, ಮಲಗೋ ಹೊತ್ತಿಗೆ ಹಿಟ್ಟು ಉಸಿರಾಡ್ತಾ ಮೇಲೇರಿ ಮುಚ್ಚಳವನ್ನೇ ಎತ್ತಿತಂತೆ! ಸೊಸೆಯರು ಅತ್ತೆಯನ್ನ ತಬ್ಬಿಕೊಂಡು ಅತ್ತೇಬಿಟ್ಟರು.

ಹಬ್ಬದ ಬೆಳಿಗ್ಗೆ ಒಲೆಯಿಂದ ಕೆಂಪಗೆ ಉಬ್ಬಿದ ಬ್ರೆಡ್ ತೆಗೀತಾ ಲೂರ್ದಿ ಕೇಳಿದಳು, ಮೂರು ದಿನ ಉಪವಾಸ ಇದ್ದೂ ಇದು ಹೇಗತ್ತೆ ಬದುಕಿತು?

ತಾಯಿ ಅಲ್ವೇನೇ, ಅಂದಳು ಸವೇರಮ್ಮ, ಉಳಿದೋರದ್ದೆಲ್ಲ ಊಟ ಆಗಲಿ ಅಂತ ಕಾದಿತ್ತು.

ಸಾಲಿನ ಕೊನೇ ಮಗುವಿಗೂ ಬಿಸಿ ಬಿಸಿ ತುಂಡು ಸಿಕ್ಕಿತು, ಅದು ಗಬಗಬ ತಿಂದು ತೇಗಿತು, ಕತೆಯೂ ಅಲ್ಲೇ ಕೈ ತೊಳ್ಕೊಂತು. ಮಲಗು ಕಂದ.