ಹೊನ್ನಾಜಮ್ಮನ ಇಂಗ್ಲಿಷ್ ಅರ್ಜಿ

ಕಲ್ಹೊಳೆ ಸಂಸ್ಥಾನದ ಊರೂರಲ್ಲಿ ತಮಟೆ ಹೊಡೆದು ಸಾರಿದರು: "ರಾಣಿ ಹೊನ್ನಾಜಮ್ಮನವರಿಗೆ ಇಂಗ್ಲಿಷಿನಲ್ಲಿ ನೆಟ್ಟಗೆ ಬರೆಯುವುದನ್ನು ಕಲಿಸಬಲ್ಲವರು ಅರಮನೆಗೆ ಬನ್ನಿ. ಮೂರು ಒಗಟು ಬಿಡಿಸಿದವನಿಗೆ ಗುರುವಿನ ಪದವಿ, ಒಂದು ಊರಿನ ಉಂಬಳಿ. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆ ಹೋಗುತ್ತದೆ."

ಕಂಪನಿಯವರು ರಾಣಿಯ ತಂದೆಯ ಕೋಟೆಯನ್ನು ಕಿತ್ತುಕೊಂಡಿದ್ದರು. ಅದನ್ನು ಮರಳಿ ಕೇಳಿ ಮುನ್ಷಿಗಳು ಬರೆದ ಅರ್ಜಿಯಿಂದ ಪ್ರಯೋಜನವಾಗದೆ ತಂದೆ ಪರಸ್ಥಳದಲ್ಲಿ ತೀರಿಕೊಂಡ. ಅಂದಿನಿಂದ ಇಂಗ್ಲಿಷ್ ಬಲ್ಲೆ ಎನ್ನುವವರನ್ನು ಕಂಡರೆ ಅವಳ ಮೈ ಉರಿಯುತ್ತಿತ್ತು. ಒಳ್ಳೆಯ ಬರಹ ಕಣ್ಣಿಗೆ ಬಿದ್ದರೆ ಅವಳು ಗುರುತಿಸುತ್ತಿದ್ದಳು. ತಾನೇ ಬರೆಯಲು ಕೂತರೆ ಮಾತ್ರ ಮಾತು ಚೆಲ್ಲಾಪಿಲ್ಲಿಯಾಗುತ್ತಿತ್ತು.

ಡಂಗುರ ಕೇಳಿ ಬಂದವರಲ್ಲಿ ಕಚೇರಿಯ ಗುಮಾಸ್ತ ಸಣ್ಣರಂಗಯ್ಯನೂ ಒಬ್ಬ. ಜೊತೆಗೆ ಅವನ ಹೆಂಡತಿಯ ತಮ್ಮ ಕೆಂಗಣ್ಣ ಬಂದಿದ್ದ. ಹಗ್ಗ ಹೊಸೆಯುವವರ ಮನೆಯ ಹುಡುಗ, ಪಾದ್ರಿಯ ಶಾಲೆಯಲ್ಲಿ ಕೆಲವು ವರ್ಷ ಏಟು ತಿಂದಿದ್ದ. ಅಕ್ಕ ತುಂಬು ಬಸುರಿ. "ಭಾವ, ಬೇಡ, ಹಿಂದಿರುಗೋಣ" ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದ. ಭಾವ ಕೇಳಲಿಲ್ಲ.

ಬಂದವರೆಲ್ಲ ಸಭೆಯಲ್ಲಿ ಸೇರಿದರು. ರಾಣಿ ಮೊದಲ ಒಗಟು ಹೇಳಿದಳು. "ಒಂದು ಮನೆ. ಯಜಮಾನ ಬಾಗಿಲಲ್ಲೇ ನಿಂತು ತನ್ನ ಮಾತು ಹೇಳುತ್ತಾನೆ. ಒಳಗಿರುವವರೆಲ್ಲ ಆ ಒಂದು ಮಾತಿಗಾಗಿಯೇ ದುಡಿಯಬೇಕು. ಬೇರೆ ಮಾತಿನವನು ಒಬ್ಬ ಸೇರಿಕೊಂಡರೂ ಮನೆ ಮುರಿಯುತ್ತದೆ. ಯಾವುದು ಆ ಮನೆ?"

ಆಮೇಲೆ ಎರಡನೆಯದು. "ಒಂಟಿಯಾಗಿ ನಿಂತರೆ ಅದಕ್ಕೆ ಬೆಲೆಯಿಲ್ಲ. ಇಬ್ಬರ ನಡುವೆ ನಿಂತರೆ ಅವರಿಗೇನು ಸಂಬಂಧವೆಂದು ತಿಳಿಯುತ್ತದೆ. ತಪ್ಪಾದದ್ದು ನಿಂತರೆ ಗೆಳೆಯರು ಹಗೆಗಳಾಗಿ ಕಾಣುತ್ತಾರೆ. ಏನದು?"

ಮೂರನೆಯದನ್ನು ಹೇಳುವಾಗ ಅವಳ ದನಿ ಒರಟಾಯಿತು. "ಒಳಗೆ ಬಂದ ಬಾಗಿಲಿಗೇ ಅವನು ಮರಳಿ ಬರುತ್ತಾನೆ. ಬರುವಾಗ ಬರೀ ಮಾತು ಕೊಟ್ಟಿದ್ದ. ಹೋಗುವಾಗ ಅದನ್ನು ಉಳಿಸಿಕೊಂಡಿರುತ್ತಾನೆ. ಹೊಸ್ತಿಲ ಮೇಲೆ ನಿಂತು ಹೊಸದೇನಾದರೂ ಕೇಳಿದನೋ, ಎಲ್ಲ ಹಾಳು. ಯಾರವನು?"

ಮದರಾಸಿನಿಂದ ಬಂದ ದುಭಾಷಿ ಮೊದಲು ಎದ್ದ. "ಜೇನುಗೂಡು, ದಲ್ಲಾಳಿ, ನೆಂಟ" ಎಂದು ಪಟಪಟನೆ ಹೇಳಿ ಕೈಕಟ್ಟಿ ನಿಂತ. ರಾಣಿ ಅವನ ಮುಖವನ್ನೂ ನೋಡಲಿಲ್ಲ. ಬೆರಳು ಎತ್ತಿದಳು, ಕಾವಲಿನವರು ಎಳೆದೊಯ್ದರು. ಮುಂದಿನ ಸರದಿ ಸಣ್ಣರಂಗಯ್ಯನದು. "ಸೈನ್ಯ, ತಾಳಿ..." ಎಂದು ತಡವರಿಸಿ, "ಸೂರ್ಯ" ಎಂದ. ಅವನ ತೋಳಿಗೂ ಕಾವಲಿನವರ ಕೈ ಬಿತ್ತು.

"ನಾನು ಹೇಳ್ತೀನಿ, ತಾಯಿ" ಎಂದು ಕೆಂಗಣ್ಣ ಮುಂದೆ ಬಂದ. "ಸರಿಯಾದರೆ ನಮ್ಮ ಭಾವನ್ನ ಬಿಡಬೇಕು."

ದಿವಾನ ನಕ್ಕ. "ಹಗ್ಗದವನ ಮಗ ಷರತ್ತು ಹಾಕ್ತಾನೆ. ನೇಣಿಗೆ ಮನೆಯಿಂದಲೇ ಹಗ್ಗ ತಂದಿದ್ದೀಯೇನೋ?"

"ಸುಮ್ಮನಿರಿ" ಎಂದಳು ರಾಣಿ. "ತಪ್ಪಿದರೆ ಇಬ್ಬರ ತಲೆಯೂ ಒಟ್ಟಿಗೆ ಹೋಗುತ್ತದೆ. ಹೇಳು."

"ಬರಹ ಕಲಿಸುವವರು ಬೇಕು ಅಂತ ಸಾರಿಸಿದ್ದೀರಿ. ಹಾಗಾದರೆ ಒಗಟಿನ ಉತ್ತರವೂ ಬರಹದೊಳಗೇ ಇರಬೇಕು. ಆ ಮನೆ ಅಂದರೆ ಪ್ಯಾರಾ. ಯಜಮಾನ ಅದರ ಮೊದಲ ವಾಕ್ಯ. ಮಿಕ್ಕ ವಾಕ್ಯಗಳೆಲ್ಲ ಅದನ್ನೇ ಬಿಡಿಸಿ ಹೇಳಬೇಕು. ಎಮ್ಮೆಯ ಮೇಲೆ ಬರೆಯುವಾಗ ನಾನು ನಮ್ಮಜ್ಜಿಯ ವಿಷಯ ಸೇರಿಸಿದ್ದೆ. ಪಾದ್ರಿ ಹಾಳೆ ಹರಿದು ಮುಖಕ್ಕೆ ಎಸೆದರು."

ರಾಣಿ ಕದಲಲಿಲ್ಲ. "ಎರಡನೆಯದು?"

"ಜೋಡಿಸುವ ಮಾತುಗಳು, ತಾಯಿ. ಬಟ್, ದೇರ್‌ಫೋರ್ ಅಂತಾರಲ್ಲ, ಅವು. 'ಅವನು ಬಡವ, ಆದ್ದರಿಂದ ಪ್ರಾಮಾಣಿಕ' ಅಂದರೆ ಒಂದು ಅರ್ಥ. 'ಬಡವ, ಆದರೆ ಪ್ರಾಮಾಣಿಕ' ಅಂದರೆ ಬಡವರೆಲ್ಲ ಕಳ್ಳರು ಅಂದ ಹಾಗಾಯಿತು."

ದಿವಾನನ ನಗು ಅಲ್ಲಿಗೆ ನಿಂತಿತು. ಮೂರನೆಯದಕ್ಕೆ ಮಾತ್ರ ಕೆಂಗಣ್ಣನಿಗೆ ಏನೂ ಹೊಳೆಯಲಿಲ್ಲ. ಭಾವನ ಕಡೆ ನೋಡಿದ. ಅವನು ಕಣ್ಣು ಮುಚ್ಚಿಕೊಂಡಿದ್ದ.

"ಬಾಯಿ ಕಟ್ಟಿತೇ?" ಎಂದಳು ರಾಣಿ. "ನೀವೆಲ್ಲ ಒಂದೇ ಜಾತಿ. ನಮ್ಮ ಮುನ್ಷಿಗಳೂ ಹೀಗೇ ಶುರು ಮಾಡಿದರು. ಕೋಟೆ ಬೇಕು ಅಂತ ಬರೆದವರು ಕೊನೆಗೆ, ದಯಮಾಡಿ ನಮ್ಮ ಕುದುರೆ ಲಾಯಕ್ಕೆ ಹೆಂಚು ಕೊಡಿಸಿ ಅಂತ ಸೇರಿಸಿದರು. ಸಾಹೇಬ ಹೆಂಚು ಕಳಿಸಿದ. ಗಾಡಿಗಳು ಬಂದು ನಿಂತಾಗ ನಮ್ಮ ತಂದೆ ಅವನ್ನು ಸುಮ್ಮನೆ ನೋಡುತ್ತಿದ್ದರು."

ಕೆಂಗಣ್ಣ ತಲೆಯೆತ್ತಿದ. "ಅವನು ಪ್ರಬಂಧದ ಕೊನೆಯ ಪ್ಯಾರಾ, ತಾಯಿ. ಶುರುವಿನಲ್ಲಿ ಹೇಳಿದ್ದಕ್ಕೇ ಅದು ಮರಳಿ ಬರಬೇಕು. ಶುರುವಿನಲ್ಲಿ ಬರೀ ಮಾತು. ಕೊನೆಗೆ ಬರುವಷ್ಟರಲ್ಲಿ ಅದಕ್ಕೆ ಕಾರಣ, ಸಾಕ್ಷಿ ಎಲ್ಲ ಕೊಟ್ಟಾಗಿರುತ್ತದೆ. ಅಲ್ಲಿ ಹೊಸದನ್ನು ತಂದರೆ ಓದಿದವನಿಗೆ ಅದೊಂದೇ ನೆನಪಿರುತ್ತದೆ. ನಿಮ್ಮ ಮುನ್ಷಿಗಳು ಹೊಸ್ತಿಲ ಮೇಲೆ ನಿಂತು ಹೆಂಚು ಕೇಳಿದರು."

ಸಣ್ಣರಂಗಯ್ಯನ ತೋಳು ಬಿಡುವಂತೆ ರಾಣಿ ಕಾವಲಿನವರಿಗೆ ಸನ್ನೆ ಮಾಡಿದಳು. ಆಮೇಲೆ, "ಮೂರೂ ಸರಿ. ನಿನ್ನ ಭಾವನನ್ನು ಕರೆದುಕೊಂಡು ಹೋಗು" ಎಂದಳು.

"ದುಭಾಷಿಯನ್ನೂ ಬಿಡಿ, ತಾಯಿ. ಗೊತ್ತಿಲ್ಲ ಅಂತ ತಲೆ ತೆಗೆದರೆ ಕಲಿಯೋಕೆ ಯಾರು ಉಳೀತಾರೆ?"

"ಬಿಟ್ಟೆ. ಅವರಿಬ್ಬರ ಮುಖ ಮತ್ತೆ ಇಲ್ಲಿ ಕಾಣಬಾರದು. ನೀನು ನಾಳೆ ಬೆಳಿಗ್ಗೆ ಬಾ."

ಉಂಬಳಿಯ ಊರು ಅವನಿಗೆ ಸಿಕ್ಕಿತು. ಪ್ರೀತಿಯ ಒಂದು ಮಾತೂ ಸಿಗಲಿಲ್ಲ. ಕೋಟೆಯನ್ನು ಮತ್ತೆ ಕೇಳುವ ಹೊಸ ಅರ್ಜಿಯನ್ನು ರಾಣಿ ವಂಶಾವಳಿಯಿಂದ ಶುರು ಮಾಡಿದಳು. ಅವನು ಅದನ್ನು ಹೊಡೆದುಹಾಕಿ, "ಮೊದಲು ನಿಮಗೇನು ಬೇಕೋ ಅದನ್ನು ಬರೆಯಿರಿ" ಎಂದ. ಅವಳು ಲೇಖನಿ ಎಸೆದಳು. ಅವನು ಎತ್ತಿಕೊಟ್ಟ. ಹೀಗೆ ಎಷ್ಟೋ ದಿನ ನಡೆದ ಮೇಲೆ, ಕೋಟೆ ನಮ್ಮದು ಎಂದು ಶುರುವಾಗಿ, ಒಂದೊಂದು ಪ್ಯಾರಾದಲ್ಲಿ ಒಂದೊಂದು ಕಾರಣ ಹೇಳಿ, ಕೋಟೆ ನಮ್ಮದು ಎಂದೇ ಮುಗಿಯುವ ಅರ್ಜಿಯೊಂದನ್ನು ಅವಳೇ ತನ್ನ ಕೈಯಾರೆ ಬರೆದಳು.

ಮಳೆಗಾಲ ಕಳೆದ ಮೇಲೆ ಕಂಪನಿಯವರು ಕೋಟೆಯ ಬೀಗದ ಕೈ ಕಳಿಸಿದರು. ಮರುದಿನ ಕೆಂಗಣ್ಣ ಎಂದಿನಂತೆ ಬಂದು ಬಾಗಿಲ ಬಳಿ ನಿಂತ. ರಾಣಿ ತಾನೇ ಎದ್ದು ತನ್ನ ಎದುರಿಗೆ ಮಣೆ ಹಾಕಿದಳು.

"ಕೂತುಕೊಳ್ಳಿ, ಮೇಷ್ಟ್ರೇ" ಎಂದಳು.