ಚೀಟಿಯ ಎರಡನೆಯ ಸಾಲು

“ಗುರುಗಳೇ, ಎಂಥ ಉದ್ದದ ಪದವನ್ನಾದರೂ ಮೂಲ ಬೇರೆ, ಪ್ರತ್ಯಯ ಬೇರೆ ಮಾಡಿ ಬಿಡಿಸಬಲ್ಲೆ. ಆದರೂ ಓದಿದ್ದು ಒಳಕ್ಕೆ ಇಳಿಯುವುದಿಲ್ಲ. ಯಾಕೆ?” ಎಂದು ಶಿಷ್ಯ ಮರುಳಯ್ಯ ಕೇಳಿದ. ಓದು ನಿಲ್ಲಿಸಿದ ಪುಟದಲ್ಲಿ ಗುರುತಿಗೆಂದು ಅಕ್ಕನ ಪೋಸ್ಟ್‌ಕಾರ್ಡ್ ಇಟ್ಟು ಪುಸ್ತಕ ಮುಚ್ಚಿದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳು ಆ ಅಕ್ಕ.

ಗುರುಗಳು ಪುಸ್ತಕದಿಂದ ಹೊರಚಾಚಿದ್ದ ಕಾರ್ಡನ್ನು ನೋಡಿದರು. “ಪಂಡಿತನಾದೆ ಬಿಡಪ್ಪ. ಕೂತುಕೋ, ಒಂದು ಕತೆ ಕೇಳು” ಎಂದರು.

ಒಬ್ಬ ಇಂಗ್ಲಿಷ್ ಉಪಾಧ್ಯಾಯನಿದ್ದ. ಕಬ್ಬನ್ನು ಗಿಣ್ಣಿಗೆ ಕಡಿದಂತೆ ಉದ್ದುದ್ದ ಪದಗಳನ್ನು ಕಡಿದು ಮಕ್ಕಳ ಬಾಯಿಗಿಡುತ್ತಿದ್ದ. ಊರಿಗೆಲ್ಲ ಅವನ ಹೆಸರು. ಅವನಿಗೂ ಅದರದೇ ಹುಚ್ಚು.

ಒಂದು ದಿನ ಮಗಳಿಗೆ ಹೊಟ್ಟೆನೋವು ಬಂತು. ಹೆಂಡತಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. “ಮೇಷ್ಟ್ರಿಗೆ ಕೊಡಿ, ಅವರಿಗೆ ತಿಳಿಯುತ್ತದೆ” ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಎರಡು ಸಾಲು ಗೀಚಿ ಕೊಟ್ಟರು.

ಉಪಾಧ್ಯಾಯ ಚೀಟಿ ಬಿಚ್ಚಿದ. ಮೊದಲ ಸಾಲಿನಲ್ಲಿ ಒಂದೇ ಪದ, ಅದೂ ಉದ್ದದ್ದು. ಅವನ ಮುಖ ಅರಳಿತು.

“ಏನಂತೆ ರೀ?” ಎಂದಳು ಹೆಂಡತಿ.

“ತಾಳೇ ಸ್ವಲ್ಪ” ಎಂದು ಸ್ಲೇಟು ಎಳೆದುಕೊಂಡ. ಅ–ಪೆನ್–ಡಿ–ಸೈ–ಟಿಸ್. ಐದು ತುಂಡು. ಕೊನೆಯಲ್ಲಿರುವುದರ ಅರ್ಥ ಬಾವು. ಮೊದಲಲ್ಲಿರುವುದರ ಅರ್ಥ ಜೋತುಬಿದ್ದದ್ದು. ನಿಘಂಟು ತೆರೆದು ಬೇರು ಹುಡುಕಿದ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಸಿದ. ಪಾಪ, ಆ ಕೂಸು ಹೊಟ್ಟೆ ಹಿಡಿದುಕೊಂಡೇ ಐದು ತುಂಡನ್ನೂ ತಪ್ಪಿಲ್ಲದೆ ಹೇಳಿತು. “ಭೇಷ್” ಎಂದ. ಸಂಜೆಗೆ ನೋವು ತಾನಾಗಿಯೇ ನಿಂತಿತು. ಮತ್ತೆ ಬಂದರೆ ನಾಳೆ ಡಾಕ್ಟರಿಗೆ ತೋರಿಸಿದರಾಯಿತು ಎಂದು ಎಲ್ಲರೂ ಉಂಡು ಮಲಗಿದರು.

ಬೆಳಗ್ಗೆ ಮಗುವಿನ ಮೈ ಕೆಂಡವಾಗಿತ್ತು. ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದ. ಅಲ್ಲಿಯವರು ಮಗುವನ್ನು ಪರೀಕ್ಷಿಸಿ, ಚೀಟಿ ನೋಡಿ, “ಅಪೆಂಡಿಕ್ಸ್ ಒಳಗೇ ಒಡೆದುಹೋಗಿದೆ. ‘ದೊಡ್ಡಾಸ್ಪತ್ರೆಗೆ, ಇವತ್ತೇ’ ಎಂದು ಕೆಳಗೆ ಬರೆದಿದೆಯಲ್ಲ, ನೀವು ಓದಲಿಲ್ಲವೇ?” ಎಂದರು.

ಉಪಾಧ್ಯಾಯ ನೋಡಿದ. ಹೌದು, ಬರೆದಿತ್ತು. ಇಂಗ್ಲಿಷ್ ಕಲಿಯುವ ಮಕ್ಕಳು ಮೊದಲ ವಾರದಲ್ಲೇ ಓದುವಂಥ ಪದಗಳು. ಬಿಡಿಸುವುದಕ್ಕೆ ಅವುಗಳಲ್ಲಿ ಏನೂ ಇರಲಿಲ್ಲ, ಹಾಗಾಗಿ ಅವನ ಕಣ್ಣು ಅಲ್ಲಿ ನಿಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗು ಹೋಯಿತು. ಮನೆಯಲ್ಲಿ ಸ್ಲೇಟಿನ ಮೇಲೆ ಐದು ತುಂಡುಗಳು ಹಾಗೇ ಇದ್ದವು. ಹೆಂಡತಿ ಅದನ್ನು ಒರೆಸಲೂ ಇಲ್ಲ, ಅವನೊಡನೆ ಮತ್ತೆ ಮಾತಾಡಲೂ ಇಲ್ಲ.

“ಅಯ್ಯೋ, ಕಣ್ಣೆದುರಿಗೇ ಇತ್ತಲ್ಲ! ಎಂಥ ಅಪ್ಪ ಅವನು!” ಎಂದ ಮರುಳಯ್ಯ.

ಗುರುಗಳು ಅವನ ಪುಸ್ತಕದಿಂದ ಕಾರ್ಡನ್ನು ಎಳೆದು ಅವನ ಕೈಗಿಟ್ಟರು.

“ನಿನ್ನ ಅಕ್ಕ ‘ಬೇಗ ಬಾ’ ಎಂದು ಎರಡೇ ಮಾತು ಬರೆದು ತಿಂಗಳಾಯಿತಲ್ಲವೇ, ಮರುಳಯ್ಯ?”